ಆರು ಜನರ ಲೈಸೆನ್ಸ್

ಸೋಮವಾರ ಬೆಳಿಗ್ಗೆ ದನಗಳಿಗೆ ಮೇವು ಹಾಕಿ, ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ಕೂತೆ. ಎಂಟನೇ ತರಗತಿಯ ಗಣಿತದ ಪ್ರಶ್ನೆಪತ್ರಿಕೆ ಅರ್ಧಕ್ಕೆ ನಿಂತಿತ್ತು. ತೆರೆದರೆ ಪುಟ ಕಾಣುತ್ತದೆ, ಆದರೆ ಒಂದಕ್ಷರ ಬೀಳುವುದಿಲ್ಲ. ಮೇಲಿನ ಗುಂಡಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದ್ದವು. ಕೆಳಗೊಂದು ಹಳದಿ ಪಟ್ಟಿ. ನಿಮ್ಮ ಖಾತೆಗೆ ಲೈಸೆನ್ಸ್ ಇಲ್ಲ, ಓದಬಹುದು, ತಿದ್ದುವ ಹಾಗಿಲ್ಲ ಎಂದು ಅದರ ತಾತ್ಪರ್ಯ.

ನಮ್ಮದು ತಮಿಳುನಾಡಿನ ಸೇಲಂ ಜಿಲ್ಲೆ, ನಂಗವಳ್ಳಿ ಪಕ್ಕದ ಹಳ್ಳಿ; ಮನೆಮಾತು ಕನ್ನಡ. ಎರಡು ಖಾಸಗಿ ಶಾಲೆಗಳಿಗೆ ನಾನು ಮನೆಯಲ್ಲೇ ಕೂತು ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತೇನೆ. ಟೀಚರುಗಳು ಕೈಯಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಾರೆ. ನಾನು ಅದನ್ನು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹೊಡೆದು, ಅಂಕ ಜೋಡಿಸಿ, ಚಿತ್ರ ಕೂರಿಸಿ ಕೊಡಬೇಕು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಶುಕ್ರವಾರದೊಳಗೆ ಎಲ್ಲವೂ ಹೋಗಬೇಕಿತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಆರಿಸಿ ಹಾಕಿದೆ. ಆಗಲಿಲ್ಲ. ಟೈಪ್ ಮಾಡುವ ಆಫೀಸ್ ಸಾಫ್ಟ್‌ವೇರನ್ನು ಪೂರ್ತಿ ಕಿತ್ತು ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಎಂದುಕೊಂಡೆ. ಮನೆಯಲ್ಲಿ ನೆಟ್ ಎಂದರೆ ನನ್ನ ಫೋನಿನದ್ದೇ. ಸಿಗ್ನಲ್ ಸಿಗುವುದು ಕಿಟಕಿಯ ಮೇಲೆ ಇಟ್ಟರೆ ಮಾತ್ರ. ಫೋನನ್ನು ಕಿಟಕಿಗೆ ಇಟ್ಟು, ಡೌನ್‌ಲೋಡಿನ ಗೆರೆ ಮುಂದೆ ಸರಿಯುವುದನ್ನೇ ನೋಡುತ್ತಾ ಕೂತೆ. ಅದು ಮುಕ್ಕಾಲಿಗೆ ಬಂದು ನಿಂತುಬಿಡುತ್ತದೆ. ಎದ್ದು ಹೋಗಿ ಹಿಟ್ಟು ಕಲಸಿದೆ, ಬಂದು ನೋಡಿದೆ. ಅಂಗಳ ಗುಡಿಸಿದೆ, ಬಂದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕೊನೆಗೂ ಮುಗಿಯಿತು. ಪಾಸ್‌ವರ್ಡ್ ಕೊಟ್ಟೆ. ಮತ್ತೆ ಅದೇ ಹಳದಿ ಪಟ್ಟಿ.

ಊಟಕ್ಕೆ ಬಂದ ಮನೆಯವರು ನನ್ನ ಮುಖ ನೋಡಿ, "ಏನಾಯ್ತು ಅದಕ್ಕೆ?" ಅಂದರು.

"ಲೈಸೆನ್ಸ್ ಇಲ್ಲ ಅಂತೈತೆ."

"ಅದಕ್ಕ್ಯಾಕೆ ಇಷ್ಟು ಒದ್ದಾಟ? ನಂಗವಳ್ಳಿಗೆ ಓಗಿ ಅಂಗಡೀಲಿ ಕೊಡು. ಒಂದು ಟೀ ಕುಡಿಯಾ ಒತ್ಗೆ ಆಕ್ಕೊಡ್ತಾನೆ."

ಕಂಪ್ಯೂಟರನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದೆ. ಅಂಗಡಿಯವನು ಬ್ಯಾಗು ಬಿಚ್ಚುವ ಮೊದಲೇ, "ಫ್ರೀಯಾ ಪೋಟ್ಟು ತರೇನ್ ಅಕ್ಕಾ" ಎಂದ. ಕಳ್ಳ ಕಾಪಿ ಹಾಕಿಕೊಡುತ್ತೇನೆ ಎನ್ನುವುದನ್ನು ಬೆಲ್ಲ ಕೊಡುವವನ ಹಾಗೆ ಹೇಳುತ್ತಾನೆ. ಹಿಂದೊಮ್ಮೆ ಅದನ್ನೇ ಹಾಕಿಸಿಕೊಂಡಿದ್ದೆ. ವೈರಸ್ ಬಂದು ಒಂದು ಇಡೀ ವರ್ಷದ ಪತ್ರಿಕೆಗಳು ಹಾಳಾದವು. ಆಗ ಅತ್ತು ಕೂತಿದ್ದ ನನ್ನನ್ನು ಸಮಾಧಾನ ಮಾಡಿ, ಸರಿಯಾದ ಲೈಸೆನ್ಸಿಗೆ ಸೇರಿಸಿದವಳು ನನ್ನ ವಾರಗಿತ್ತಿ, ನಮ್ಮ ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವರ ಮಗಳು ಕಾಲೇಜಿಗೆ ಸೇರಿದಾಗ ಅಕ್ಕ ಒಂದು ಫ್ಯಾಮಿಲಿ ಲೈಸೆನ್ಸ್ ತೆಗೆದುಕೊಂಡಿದ್ದಳು. ಒಂದು ಕುಟುಂಬದ ಆರು ಜನ ಬಳಸಬಹುದು. ಅಕ್ಕ, ಭಾವ, ಮಗ, ಮಗಳು, ಅಕ್ಕನ ತಮ್ಮ ಸೇರಿ ಐವರಿದ್ದರು. ಆರನೆಯವಳಾಗಿ ನನ್ನನ್ನು ಹಾಕಿದಳು.

ಆಮೇಲೆ ಮನೆ ಭಾಗವಾಯಿತು. ಹೊಲ, ಕುರಿ, ಹಿತ್ತಾಳೆ ಪಾತ್ರೆ, ಒರಳುಕಲ್ಲು ಎಲ್ಲ ಹಂಚಿಕೆಯಾಯಿತು. ಭಾವ ಸೇಲಂಗೆ ಹೋಗಿ ಬೆಳ್ಳಿ ಕಾಲ್ಗೆಜ್ಜೆ ಮಾಡಿಸುವ ಸಣ್ಣ ಕಾರ್ಖಾನೆ, ಪಟ್ಟರೆ, ಇಟ್ಟುಕೊಂಡರು. ಹಂಚಿಕೆಗೆ ಕೂತ ದೊಡ್ಡವರಿಗೆ ಈ ಲೈಸೆನ್ಸಿನ ವಿಷಯ ಗೊತ್ತಿರಲಿಲ್ಲ, ನಾವಿಬ್ಬರೂ ಎತ್ತಲಿಲ್ಲ. ಮನೆಗಳು ಎರಡಾದರೂ ಕಂಪ್ಯೂಟರಿನ ಲೆಕ್ಕದಲ್ಲಿ ನಾವು ಒಂದೇ ಕುಟುಂಬವಾಗಿ ಉಳಿದೆವು.

ಅಂಗಡಿಯವನಿಗೆ ಬೇಡ ಎಂದು ಹೇಳಿ ವಾಪಸ್ ಬಂದೆ. ಬೇರೆ ದಾರಿ ಹುಡುಕುತ್ತಾ ಮೇಲ್ ತೆರೆದು, ಬೇಡದ ಜಾಹೀರಾತುಗಳು ಬೀಳುವ ಜಾಗದಲ್ಲಿ ಕಣ್ಣಾಡಿಸಿದಾಗ ಒಂದು ಮೇಲ್ ಸಿಕ್ಕಿತು. ಬಂದು ಕೆಲವು ದಿನಗಳೇ ಆಗಿದ್ದವು. ಅಕ್ಕನ ಹೆಸರು ಹೇಳಿ, ಅವರು ನಿಮ್ಮನ್ನು ತಮ್ಮ ಕುಟುಂಬದಿಂದ ತೆಗೆದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು. ತೆಗೆದ ಕೂಡಲೇ ಕೆಲಸ ನಿಲ್ಲುವುದಿಲ್ಲವಂತೆ. ಒಂದಷ್ಟು ದಿನ ಓಡಿ ಆಮೇಲೆ ಬೀಗ ಬೀಳುತ್ತದೆ.

ನಾನು ಆ ಸಾಲನ್ನು ಎಷ್ಟು ಸಲ ಓದಿದೆನೋ. ಕಂಪ್ಯೂಟರಿನ ಭಾಷೆ ಅದು, ಯಾರಿಗಾದರೂ ಹಾಗೇ ಬರೆಯುತ್ತದೆ ಎಂದು ಗೊತ್ತು. ಆದರೂ ಅಕ್ಕನೇ ಒತ್ತಿದಳೇ? ಕೈತಪ್ಪಿ ಆಯಿತೇ? ಫೋನ್ ತೆಗೆದುಕೊಂಡು ಅವಳ ನಂಬರಿನವರೆಗೂ ಹೋಗಿ ಬಿಟ್ಟೆ. ಕೇಳಿದರೆ ಬೇಡುವ ಹಾಗಾಗುತ್ತದೆ. ಕೇಳದಿದ್ದರೆ ಕೆಲಸ ಹೋಗುತ್ತದೆ. ಬ್ರೌಸರಿನಲ್ಲಿ ಬಿಟ್ಟಿಯಾಗಿ ಸಿಗುವ ಆಫೀಸಿನಲ್ಲಿ ತೆರೆದು ನೋಡಿದೆ. ಭಿನ್ನರಾಶಿಗಳೆಲ್ಲ ಕಳಚಿಕೊಂಡು ಮೇಲಿನ ಅಂಕಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಬಿದ್ದವು.

ಸಂಜೆ ದನ ಕಟ್ಟುವಾಗಲೂ ಅದೇ ಯೋಚನೆ. ಕಡೆಯ ಸಲ ಅಕ್ಕನನ್ನು ನೋಡಿದ್ದು ಅವಳ ಮಗಳ ನಿಶ್ಚಿತಾರ್ಥದಲ್ಲಿ. ಅಲ್ಲಿ ಏನಾದರೂ ಅಂದೆನೇ? ಸೀರೆ ಚೆನ್ನಾಗಿದೆ ಎಂದಿದ್ದೆ. ಹುಡುಗ ಲಕ್ಷಣವಾಗಿದ್ದಾನೆ ಎಂದಿದ್ದೆ. ಮನೆಯವರನ್ನು ಕೇಳಿದರೆ, "ನೀನು ಅಲ್ಲಿ ಇದ್ದಿದ್ದೇ ಎಷ್ಟೊತ್ತು ಏನನ್ನಾದ್ರೂ ಅನ್ನಕೆ?" ಎಂದುಬಿಟ್ಟರು.

ಮಾರನೆಯ ದಿನ ಪ್ರಶ್ನೆಪತ್ರಿಕೆಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಸೇಲಂ ಬಸ್ಸು ಹತ್ತಿದೆ. ಅಕ್ಕನ ಹತ್ತಿರ ಮಾತಾಡುವುದು, ಆಗದಿದ್ದರೆ ಯಾವುದಾದರೂ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಮುಗಿಸುವುದು ಎಂದು ಲೆಕ್ಕ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನೆಮ್ಮದಿಯಾಗಿ ಕೂರಲಾಗಲಿಲ್ಲ. ಅವಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಒಮ್ಮೆ ಜಗಳದ ಮಾತಾಗುತ್ತಿತ್ತು, ಒಮ್ಮೆ ಅಳುವಾಗುತ್ತಿತ್ತು. ಒಂದು ಸಲವಂತೂ ಮುಂದಿನ ಸ್ಟಾಪಿನಲ್ಲಿ ಇಳಿದು ಊರಿಗೆ ವಾಪಸ್ ಬಸ್ಸು ಹಿಡಿಯೋಣ ಎಂದು ಎದ್ದೇ ನಿಂತಿದ್ದೆ. ಕಂಡಕ್ಟರ್ ಬೈದ ಮೇಲೆ ಕೂತೆ.

ಅಕ್ಕ ಬಾಗಿಲಲ್ಲೇ ಇದ್ದಳು. ಸೊಪ್ಪು ಮಾರುವವಳ ಹತ್ತಿರ ಚೌಕಾಸಿ ಮಾಡುತ್ತಿದ್ದವಳು ನನ್ನನ್ನು ಕಂಡು ಕೈಯಲ್ಲಿದ್ದ ಕಟ್ಟನ್ನು ಹಾಗೇ ಬುಟ್ಟಿಗೆ ಹಾಕಿದಳು.

"ಬಾ ಒಳಕ್ಕೆ. ಬಿಸ್ಲಲ್ಲಿ ಯಾಕೆ ನಿಂತಿದ್ದೀಯಾ?"

ಒಳಗೆ ಹೋದೆ. ನೀರು ಕೊಟ್ಟಳು. ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲಿ ಹೋಯಿತೋ.

"ಅಕ್ಕಾ, ನನ್ನ ನೀನೇ ತೆಗ್ದಾ?" ಎಂದು ಕೇಳಿಬಿಟ್ಟೆ.

ಅವಳು ಸುಳ್ಳು ಹೇಳಲಿಲ್ಲ. "ಊಂ. ನಾನೇ ತೆಗ್ದೆ" ಅಂದಳು. "ನಿಚ್ಚಯದ ದಿನ ನೀನು ಎಲೆ ಮುಂದಿಂದ ಎದ್ದು ಓದೆ. ನೆಪ್ಪೈತಾ?" ಎಂದು ಕೇಳಿದಳು.

ಆಗ ನೆನಪಾಯಿತು. ಊಟಕ್ಕೆ ಕೂತಿದ್ದಾಗ ಶಾಲೆಯಿಂದ ಫೋನ್ ಬಂದಿತ್ತು. ಒಂದು ಪತ್ರಿಕೆಯಲ್ಲಿ ತಪ್ಪಿದೆ, ಈಗಲೇ ಬೇಕು ಎಂದರು. ಬಸ್ಸು ಸಿಗುವುದಿಲ್ಲವೆಂದು ಪಾಯಸ ಬಡಿಸುವ ಮೊದಲೇ ಎದ್ದಿದ್ದೆ. ಅಕ್ಕನಿಗೆ ಹೇಳಿಯೇ ಹೋಗಿದ್ದೆ. ಅವಳು ಗಂಡಿನ ಕಡೆಯವರ ನಡುವೆ ನಿಂತಿದ್ದಳು, ತಲೆಯಾಡಿಸಿದ್ದಳು.

"ಹೇಳಿದ್ನಲ್ಲ ಅಕ್ಕಾ."

"ಹೇಳ್ದೆ. ಕಂಪ್ಯೂಟರ್ ಕೆಲ್ಸ ಐತೆ ಅಂತ ಹೇಳ್ದೆ. ಗಂಡಿನ ತಾಯಿ ನನ್ನ ಕೇಳ್ತವ್ಳೆ, ನಿಮ್ಮ ತಂಗಿಗೆ ಏನು ಕೋಬಂ, ಸಾಪ್ಪಾಡು ಬಿಟ್ಟು ಓಗ್ತಾರೆ ಅಂತ. ನಾನೇನು ಹೇಳ್ಲಿ? ಅವತ್ತು ಸಂಜೆ ಎಲ್ರೂ ಓದ್ಮೇಲೆ ಕೂತ್ಕೊಂಡು ಯೋಚ್ನೆ ಮಾಡ್ದೆ. ಆ ಕಂಪ್ಯೂಟರ್ ಕೆಲ್ಸಕ್ಕೆ ಲೈಸೆನ್ಸ್ ಯಾರು ಕೊಟ್ಟಿದ್ದು ನಿಂಗೆ? ನಾನಲ್ವಾ? ನಾ ಕೊಟ್ಟಿದ್ದಕ್ಕೇ ನನ್ನ ಮಗಳ ಎಲೆ ಬಿಟ್ಟು ಎದ್ಯಲ್ಲ ಅಂತ ಬಂತು. ಒತ್ಬಿಟ್ಟೆ."

ನನಗೆ ಸಿಟ್ಟು ಬಂದಿತ್ತು, ಅದು ಎಲ್ಲಿ ನಿಲ್ಲಬೇಕೆಂದು ಗೊತ್ತಾಗಲಿಲ್ಲ. "ಒಂದು ಮಾತು ಬೈದಿದ್ರೆ ಆಗ್ತಿರ್ಲಿಲ್ವಾ?" ಎಂದೆ. "ನಾನು ಎಲ್ಲಾ ಕಿತ್ತು ಹಾಕಿ ಒದ್ದಾಡ್ತಾ ಇದ್ದೀನಿ. ಶುಕ್ರವಾರಕ್ಕೆ ಕೊಡ್ಬೇಕು."

"ಮಾರ್ನೇ ದಿನಾನೇ ಮನ್ಸು ತಡೀಲಿಲ್ಲ ಕಣೆ. ಮತ್ತೆ ಬಾ ಅಂತ ಇನ್ವೈಟ್ ಕಳಿಸ್ದೆ. ನೀನು ಒತ್ತಲೇ ಇಲ್ಲ. ಇನ್ನೊಂದು ದಪ ಕಳಿಸ್ದೆ. ಅದೂ ಇಲ್ಲ. ಸರಿ, ಇವಳಿಗೂ ಕೋಬಂ ಅಂದ್ಕೊಂಡೆ."

ನನಗೇನೂ ಬಂದಿರಲಿಲ್ಲ. ಫೋನ್ ತೋರಿಸು ಎಂದೆ. ಕಳಿಸಿದ್ದಳು, ನಿಜ. ಆದರೆ ನಾನು ಓದುವ ಕಾಲದಲ್ಲಿ ಮಾಡಿಕೊಂಡಿದ್ದ, ಪಾಸ್‌ವರ್ಡ್ ಮರೆತು ಬಿಟ್ಟುಬಿಟ್ಟ ಹಳೇ ಮೇಲಿಗೆ. ನಾನು ಫೋನ್ ಮಾಡದೆ, ಅವಳು ನಾನು ಒತ್ತಲಿ ಎಂದು ಕಾಯುತ್ತಾ ಕೂತಿದ್ದೆವು. ಇಬ್ಬರಿಗೂ ನಗು ಬರಲಿಲ್ಲ.

"ಈಗ ಸರಿಯಾದ ಮೇಲಿಗೆ ಕಳ್ಸು ಮತ್ತೆ" ಎಂದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದೇ ಆಗಲ್ಲ ಈಗ. ಭಾನುವಾರ ಅಳಿಯನ್ನ ಸೇರಿಸ್ಬಿಟ್ಟೆ. ಅವನ್ಗೂ ಬೇಕಂತೆ ಅಂತ ಮಗಳು ಕೇಳಿದ್ಲು. ಆರು ತುಂಬೋಯ್ತು."

ಮದುವೆಗೆ ಮೊದಲೇ ಅಳಿಯನನ್ನು ಕುಟುಂಬದಿಂದ ತೆಗೆದರೆ ಆ ಮೇಲ್ ಅವನಿಗೂ ಹೋಗುತ್ತದೆ. ನನಗೆ ಬಂದ ಸಾಲನ್ನೇ ಅವನೂ, ಅವನ ತಾಯಿಯೂ ಓದುತ್ತಾರೆ. "ಬೇಡ ಅಕ್ಕಾ, ಅದು ಮಾತ್ರ ಮಾಡ್ಬೇಡ" ಎಂದೆ.

"ತಂದಿದ್ದೀಯಾ ಪೇಪರ್‌ನ?" ಎಂದು ಕೇಳಿ, ಪೆನ್‌ಡ್ರೈವ್ ನೋಡಿ, ನನ್ನನ್ನು ಮಗಳ ಕೋಣೆಗೆ ಕರೆದುಕೊಂಡು ಹೋದಳು. ಮಗಳು ಕೆಲಸಕ್ಕೆ ಹೋಗಿದ್ದಳು. ಅವಳ ಕಂಪ್ಯೂಟರ್ ತೆರೆದುಕೊಟ್ಟಳು. ನಾನು ಟೈಪ್ ಮಾಡಲು ಶುರುಮಾಡಿದೆ. ಅಕ್ಕ ಎದ್ದು ಹೋಗಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ನನ್ನ ಫೋನಿನಲ್ಲಿದ್ದ ಟೀಚರುಗಳ ಕೈಬರಹವನ್ನು ದೊಡ್ಡದು ಮಾಡಿ ಓದಿ ಹೇಳತೊಡಗಿದಳು. ಅವಳು ಓದುವುದು ನಿಧಾನ. ಒಂದೊಂದು ಸಲ ಪ್ರಶ್ನೆ ಹೇಳಿ ಉತ್ತರವನ್ನೂ ತಾನೇ ಹೇಳಲು ಹೋಗುತ್ತಿದ್ದಳು. ಮಧ್ಯದಲ್ಲಿ ಎದ್ದು ಹೋಗಿ ಬಟ್ಟಲಲ್ಲಿ ಅನ್ನ ಸಾರು ಕಲಸಿ ತಂದು ಕೀಲಿಮಣೆಯ ಪಕ್ಕದಲ್ಲಿಟ್ಟಳು. ಎದ್ದು ಹೋಗಿ ಉಣ್ಣುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ, ಕೆಲಸ ಅಷ್ಟಿತ್ತು. ಹೊರಗೆ ಭಾವ ಬಂದು ಚಪ್ಪಲಿ ಬಿಟ್ಟ ಸದ್ದು ಕೇಳಿದಾಗ ಕೊನೆಯ ಪತ್ರಿಕೆ ಮುಗಿಯುವುದರಲ್ಲಿತ್ತು. "ಏನು, ಇಬ್ರೂ ಪರೀಕ್ಷೆ ಬರೀತಿದ್ದೀರಾ?" ಎಂದು ಕೇಳಿ ಅವರು ಟೀವಿ ಮುಂದೆ ಹೋಗಿ ಕೂತರು.

ಹೊರಡುವಾಗ ಅಕ್ಕನಿಗೆ ಹೇಳಿದೆ, ನನಗೊಬ್ಬಳಿಗೇ ಒಂದು ಲೈಸೆನ್ಸ್ ತೆಗೆದುಕೊಳ್ಳುತ್ತೇನೆ ಎಂದು. ಅವಳು ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟಾಂಡಿನವರೆಗೆ ಬಂದಳು.

ಆ ವಾರವೇ ತೆಗೆದುಕೊಂಡೆ. ಒಂದು ಸಲ ಹಾಕಿದರೆ ಆ ಕಂಪ್ಯೂಟರ್ ಇರುವವರೆಗೂ ನಡೆಯುವಂಥದ್ದು. ಮತ್ತೆ ಕಿತ್ತು, ಮತ್ತೆ ಫೋನನ್ನು ಕಿಟಕಿಗೆ ಇಟ್ಟು, ಉದ್ದದ ಕೀಯನ್ನು ಅಕ್ಷರ ಅಕ್ಷರ ನೋಡಿ ಹೊಡೆದೆ. ಪತ್ರಿಕೆಗಳು ಹೊತ್ತಿಗೆ ಸರಿಯಾಗಿ ಹೋದವು. ಯಾರ ಹಂಗೂ ಇಲ್ಲ ಎಂದು ಹಗುರವಾಗಬೇಕಿತ್ತು. ಆಗಲಿಲ್ಲ. ಅಕ್ಕನ ಫೋನ್ ಬರದ ಒಂದೊಂದು ದಿನವೂ ನಾನು ಬೇರೆ ತೆಗೆದುಕೊಂಡದ್ದು ಅವಳಿಗೆ ಇನ್ನೊಂದು ಎಲೆ ಬಿಟ್ಟು ಎದ್ದ ಹಾಗೆ ಕಂಡಿತೇ ಎಂದು ಮನಸ್ಸು ಕುಟುಕುತ್ತಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ಮೇಲ್ ಬಂತು. ಈ ಸಲ ಸರಿಯಾದ ಮೇಲಿಗೆ. ಅಕ್ಕ ನಿಮ್ಮನ್ನು ತಮ್ಮ ಕುಟುಂಬಕ್ಕೆ ಕರೆದಿದ್ದಾರೆ, ಒಪ್ಪಿಗೆಯಿದ್ದರೆ ಇಲ್ಲಿ ಒತ್ತಿ. ನನಗೆ ಅದು ಬೇಕಿರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ನನ್ನದೇ ಇತ್ತು. ಎರಡು ಸಲ ಅಡುಗೆಮನೆಗೆ ಹೋಗಿ ಬಂದು, ಒತ್ತಿದೆ.

ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಅಕ್ಕನ ಫೋನ್.

"ಬಂದ್ಯಾ?"

"ಬಂದೆ. ಜಾಗ ಎಲ್ಲಿತ್ತು ಅಕ್ಕಾ? ಅಳಿಯನ್ನ ತೆಗ್ದಾ?"

"ಚೆ, ಅವನ್ನ ಯಾಕೆ ತೆಗೀಲಿ? ನಿಮ್ಮ ಭಾವನ್ನ ತೆಗ್ದೆ."

"ಅವ್ರೇನಂದ್ರು?"

"ಅವರ್ಗಿನ್ನೂ ಗೊತ್ತಿಲ್ಲ" ಎಂದು ದನಿ ತಗ್ಗಿಸಿದಳು. "ತಿಂಗಳ ಕೊನೇಲಿ ಪಟ್ಟರೆ ಲೆಕ್ಕ ಬರ್ಯೋಕೆ ತೆಗೀತಾರಲ್ಲ, ಅವಾಗ ನೋಡ್ಕಳನ."

ತಿಂಗಳ ಕೊನೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಫೋನ್ ಇಟ್ಟು ಬಂದು ಮತ್ತೆ ಕೆಲಸಕ್ಕೆ ಕೂತೆ. ಆದರೆ ಹೊಡೆಯುತ್ತಿದ್ದ ಸಾಲಿನ ಮೇಲೆ ಮನಸ್ಸು ನಿಲ್ಲಲಿಲ್ಲ. ನನಗೆ ಬಂದಿದ್ದ ಆ ಒಂದು ಸಾಲೇ ಈಗ ಭಾವನ ಮೇಲಿಗೂ ಹೋಗಿರುತ್ತದೆ. ಭಾವನಿಗೆ ಮೊದಲೇ ಹೇಳಿಬಿಡು ಎಂದು ಅಕ್ಕನಿಗೆ ಮತ್ತೆ ಫೋನ್ ಮಾಡಲು ಎದ್ದೆ.