ಬೆರಳಗಲದ ಸಂದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಕೆಳಗೆ ಗೀಟು ಹಾಕಿದ ಹಾಳೆ ಇಟ್ಟುಕೊಂಡು ಬರೆದರೂ ಸಾಲು ಕೊನೆಗೆ ಹೋಗುವಷ್ಟರಲ್ಲಿ ಮೇಲೆ ಹತ್ತಿಬಿಡುತ್ತದೆ. ಶಾಲೆಯನ್ನು ನಡುವೆಯೇ ಬಿಟ್ಟವಳು ನಾನು, ಗೊತ್ತಿರುವ ಮಾತುಗಳೂ ಕಡಿಮೆ. ತಪ್ಪಿದ್ದಲ್ಲಿ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಬರೆಯುತ್ತಿರುವುದು ನನ್ನ ದೊಡ್ಡಪ್ಪನ ವಿಷಯ. ಅವರ ಮನೆಯಲ್ಲೇ ನಾನಿರುವುದು. ಆದರೆ ಬೀದಿಯವರೆಲ್ಲ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ನಾನೂ ಇಲ್ಲಿ ಹಾಗೆಯೇ ಬರೆಯುತ್ತೇನೆ. ದೊಡ್ಡಪ್ಪ ಎಂದು ಬರೆಯಲು ಹೋದರೆ ಅವರು ಹಿಂದೆ ನಿಂತು ನೋಡುತ್ತಿದ್ದಾರೇನೋ ಎಂದು ತಿರುಗಿ ನೋಡುವಂತಾಗುತ್ತದೆ.

ಮೇಸ್ತ್ರಿ ಮರದ ಕೆಲಸದವರು. ಬೀದಿಯಲ್ಲಿ ಪೂರ್ತಿ ಕರೆಯುವುದು ‘ಬಿಗಿ ಮೇಸ್ತ್ರಿ’ ಎಂದು. ಅವರು ಕೂರಿಸಿದ ಬಾಗಿಲಿನ ಸಂದಿನಲ್ಲಿ ಇರುವೆ ಹೋಗಬೇಕಾದರೂ ಹೊಟ್ಟೆ ಒಳಗೆಳೆದುಕೊಳ್ಳಬೇಕು ಎಂದು ಪಕ್ಕದ ಅಂಗಡಿಯ ಬೀಗ ರಿಪೇರಿಯವನು ಬಂದವರಿಗೆಲ್ಲ ಹೇಳುತ್ತಿದ್ದ. ಮೇಸ್ತ್ರಿ ಅದಕ್ಕೆ ನಗುತ್ತಿರಲಿಲ್ಲ, ಬೇಡ ಎನ್ನುತ್ತಲೂ ಇರಲಿಲ್ಲ.

ಅವರದು ಇನ್ನೊಂದು ಪದ್ಧತಿಯಿತ್ತು. ಗಿರಾಕಿ ಬರೆದುಕೊಟ್ಟ ಅಳತೆಯಲ್ಲಿ ತಪ್ಪು ಕಂಡರೆ ಬಾಯಿ ಬಿಡುತ್ತಿರಲಿಲ್ಲ, ಕೈಯಲ್ಲೇ ಸರಿಮಾಡಿಬಿಡುತ್ತಿದ್ದರು. “ತಪ್ಪು ತೋರಿಸಿದ್ರೆ ಮನುಷ್ಯನ ಮುಖ ಬಾಡುತ್ತೆ. ಸದ್ದಿಲ್ಲದೆ ಸರಿ ಮಾಡಿದ್ರೆ ಅವನ ಮನೆ ನೆಟ್ಟಗಿರುತ್ತೆ. ಎರಡರಲ್ಲಿ ಯಾವುದು ಒಳ್ಳೇದು?” ಎನ್ನುತ್ತಿದ್ದರು. ಎಷ್ಟೋ ಮನೆಗಳವರಿಗೆ ತಾವು ತಪ್ಪು ಅಳತೆ ಕೊಟ್ಟಿದ್ದೆವೆಂಬುದು ಇವತ್ತಿಗೂ ಗೊತ್ತಿಲ್ಲ.

ಅವರ ಮನೆಯಲ್ಲಿ ಊಟದ ಮೇಜು, ಮಂಚ, ಕಿಟಕಿ, ಉಪ್ಪಿನ ಡಬ್ಬಿಯ ಮುಚ್ಚಳ ಎಲ್ಲವೂ ಅವರ ಕೈಯವೇ. ಮಗಳ ಕೋಣೆಯೊಂದರಲ್ಲಿ ಮಾತ್ರ ಅವರದೇನೂ ಇರಲಿಲ್ಲ. ಅಲ್ಲಿ ಮಡಚುವ ಕಬ್ಬಿಣದ ಮೇಜು, ಅದರ ಮೇಲೆ ಹಳೆಯ ಲ್ಯಾಪ್‌ಟಾಪು. ಮಗಳದು ವಿಡಿಯೊ ಎಡಿಟಿಂಗ್ ಕೆಲಸ. ಮೇಸ್ತ್ರಿ ಆಗಾಗ ಬಾಗಿಲಲ್ಲಿ ನಿಂತು ನೋಡುವರು. ಪರದೆಯ ಮೇಲೆ ಯಾರೋ ಹಿಂದಕ್ಕೆ ನಡೆಯುತ್ತಿರುತ್ತಾರೆ, ಮತ್ತೆ ಮುಂದಕ್ಕೆ ಬರುತ್ತಾರೆ, ಮತ್ತೆ ಹಿಂದಕ್ಕೆ. ಒಮ್ಮೆ ಕೇಳಿದ್ದರು, “ಒಂದು ಒಳ್ಳೇ ಮೇಜು ಮಾಡ್ಕೊಡ್ಲೇನಮ್ಮಾ?” ಎಂದು. “ಬೇಡಪ್ಪಾ, ಇದೇ ಸಾಕು,” ಎಂದಿದ್ದಳು ಅವಳು, ಕಣ್ಣು ತೆಗೆಯದೆ. ಅವಳು ಮರೆತಳು. ಅವರು ಮರೆಯಲಿಲ್ಲ. ಮಗಳ ಕೆಲಸಕ್ಕೆ ತನ್ನ ಕೈಯಿಂದ ಆಗುವುದು ಏನಾದರೂ ಇದ್ದರೆ ಸಾಕಿತ್ತು ಎಂಬ ಆಸೆಯೊಂದು ಅವರಲ್ಲಿ ಉಳಿದುಕೊಂಡಿತು.

ಹಾಗಿರುವಾಗ ವಿಡಿಯೊ ಸ್ಟುಡಿಯೊವೊಂದರ ಯಜಮಾನತಿ ಮಗಳಿಗೆ ಒಂದು ಕೆಲಸ ಕೊಟ್ಟಳು. ನಾಟಕ ತಂಡವೊಂದರ ಪೂರ್ತಿ ನಾಟಕ, ಮೂರು ಕ್ಯಾಮೆರಾದಲ್ಲಿ ಹಿಡಿದದ್ದು, ಮನೆಯಲ್ಲೇ ಕೂತು ಜೋಡಿಸಿಕೊಡಬೇಕು. ಹೇಳಿದ ದಿನಕ್ಕೆ ಚೆನ್ನಾಗಿ ಬಂದರೆ ಮುಂದೆಯೂ ಕೆಲಸ ಬರುತ್ತಿರುತ್ತದೆ, ಇಲ್ಲದಿದ್ದರೆ ಇಲ್ಲ. ಹಳೆಯ ಲ್ಯಾಪ್‌ಟಾಪು ಮೊದಲ ಅಂಕಕ್ಕೇ ಉಸಿರು ನಿಲ್ಲಿಸಿತು. ಹೊಸ ಡೆಸ್ಕ್‌ಟಾಪನ್ನು ಬಿಡಿಭಾಗ ತಂದು ಮನೆಯಲ್ಲೇ ಕಟ್ಟೋಣ ಎಂದಳು ಮಗಳು. ಅದರಲ್ಲಿ ತನ್ನ ಆಟಗಳೂ ಓಡಬೇಕು ಎಂದ ಮಗ. ಅವನು ಅವಳಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು.

ಊಟದ ಮೇಜಿನ ಮೇಲೆ ಯೋಜನೆ ಶುರುವಾಯಿತು.

“ಲೈಟ್ ಬರೋ ಫ್ಯಾನ್ ಹಾಕೋಣ ಅಕ್ಕಾ. ಏಳು ಬಣ್ಣ ಬರುತ್ತೆ.”

“ಏಳು ಬಣ್ಣ ನೋಡ್ಕೊಂಡು ಕೂತ್ರೆ ನಾಟಕ ತಾನೇ ಎಡಿಟ್ ಆಗುತ್ತಾ? ಅದರ ಬದಲು ರ‍್ಯಾಮ್ ಹಾಕ್ತೀನಿ.”

“ಎತ್ತು ಏರಿಗೆಳೀತು, ಕೋಣ ನೀರಿಗೆಳೀತು,” ಎಂದಳು ಮೇಸ್ತ್ರಿಯ ಹೆಂಡತಿ. “ನಡುವೆ ಊಟ ಆರ್ತಾ ಇದೆ, ಅದನ್ನ ಯಾರೂ ಎಳೀತಿಲ್ಲ.”

ಮೇಸ್ತ್ರಿ ಒಂದೇ ಪ್ರಶ್ನೆ ಕೇಳಿದರು. “ಎಷ್ಟು ವರ್ಷ ಬಾಳಿಕೆ ಬರುತ್ತೆ?”

“ನಾಲ್ಕೈದು ವರ್ಷ ಅಪ್ಪಾ. ಆಮೇಲೆ ಹಳೇದಾಗುತ್ತೆ,” ಎಂದ ಮಗ.

“ಈ ಮೇಜು ನೀನು ಹುಟ್ಟೋಕೆ ಮುಂಚಿನದು. ನಿನಗಿಂತ ನೆಟ್ಟಗೆ ನಿಂತಿದೆ. ನಾಲ್ಕು ವರ್ಷದ್ದನ್ನ ಯಾಕೆ ಮನೆಯೊಳಗೆ ತರ್ತೀರಿ?”

ಮಗಳು ತಟ್ಟೆ ಸರಿಸಿ ಕೂತು ಬಿಡಿಸಿ ಹೇಳಿದಳು. ಕಂಪ್ಯೂಟರಿನ ಎಲ್ಲ ಭಾಗಗಳೂ ಒಟ್ಟಿಗೆ ಮುದಿಯಾಗುವುದಿಲ್ಲ. ಪವರ್ ಸಪ್ಲೈ ಈಗ ಬೇಕಾದುದಕ್ಕಿಂತ ದೊಡ್ಡದನ್ನೇ ತಂದರೆ ಮುಂದೆ ಭಾರಿ ಗ್ರಾಫಿಕ್ಸ್ ಕಾರ್ಡನ್ನೂ ಹೊರುತ್ತದೆ. ಮದರ್‌ಬೋರ್ಡಿನಲ್ಲಿ ಖಾಲಿ ಜಾಗ ಉಳಿಸಿಕೊಂಡರೆ ರ‍್ಯಾಮನ್ನು ಇವತ್ತು ಅರ್ಧ, ಬೇಕಾದಾಗ ಇನ್ನರ್ಧ ಹಾಕಬಹುದು. ಪೂರ್ತಿ ಹೊಸದು ತರುವ ಬದಲು ಸೋತ ಭಾಗವನ್ನು ಮಾತ್ರ ಬದಲಿಸುತ್ತ ಹೋಗಬೇಕು.

ಮೇಸ್ತ್ರಿಯ ಮುಖ ಅರಳಿತು. “ಅಂದ್ರೆ ಚೌಕಟ್ಟು ಗಟ್ಟಿ ಇಡೋದು, ಬಾಗಿಲು ಬೇಕಾದಾಗ ಬದಲಿಸೋದು.”

“ಅದೇ ಅಪ್ಪಾ.”

“ಹಾಗಾದ್ರೆ ಅದು ಕೂರೋ ಪೆಟ್ಟಿಗೆ?”

“ಕ್ಯಾಬಿನೆಟ್ ಅಂತಾರೆ. ತಗಡಿನದು ಸಿಗುತ್ತೆ.”

“ತಗಡು,” ಎಂದರು ಮೇಸ್ತ್ರಿ, ಬಾಯಿಗೆ ಕಲ್ಲು ಸಿಕ್ಕಿದವರ ಹಾಗೆ. ಅನ್ನ ಕಲಸುತ್ತ, ತಲೆ ಎತ್ತದೆ ಕೇಳಿದರು, “ನಾನು ಮಾಡಿದ್ರೆ ಆಗಲ್ವಾ?”

ಮಗಳು ಒಮ್ಮೆ ತಾಯಿಯ ಮುಖ ನೋಡಿದಳು. ಆಮೇಲೆ ಅವಳು ಹೇಳಿದಳು, “ಮಾಡು ಅಪ್ಪಾ. ಆದ್ರೆ ಚಿತ್ರ ನಾನು ಬರ್ಕೊಡ್ತೀನಿ. ಅದರ ಹಾಗೇ ಇರ್ಬೇಕು.”

“ಬೆಂಕಿ ಹತ್ಕೊಳ್ಳಲ್ವೇನೇ ಮರಕ್ಕೆ?” ಎಂದಳು ತಾಯಿ.

“ಹತ್ಕೊಂಡ್ರೆ ಊಟ ಬಿಸಿಯಾಗುತ್ತೆ ಬಿಡಮ್ಮಾ,” ಎಂದ ಮಗ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗಳು ಚಿತ್ರ ಬರೆದಳು. ಹಿಂದೆ ಬಿಸಿಗಾಳಿ ಹೋಗುವ ದೊಡ್ಡ ಕಿಂಡಿ. ಒಳಗೆ, ಮುಂದಿನ ಹಲಗೆಯ ಬೆನ್ನಿಗೆ ಎರಡು ಫ್ಯಾನು, ಅವಕ್ಕೆ ಧೂಳಿನ ಜಾಲರಿ. ಮುಂದಿನ ಹಲಗೆಯಲ್ಲಿ ತೂತುಗಳಿಲ್ಲ. ಅದರ ಬದಲು ಹಲಗೆಯ ಸುತ್ತಲೂ ಬೆರಳಗಲದಷ್ಟು ಜಾಗ ಬಿಟ್ಟಿದ್ದಳು.

ಮೇಸ್ತ್ರಿ ಅಂಗಡಿಯಲ್ಲಿ ಕೂತು ಒಳ್ಳೆಯ ಹಲಗೆಗಳನ್ನೇ ಆರಿಸಿದರು. ಮೊಣಕಾಲು ಕೆಟ್ಟು ಕೋಲು ಹಿಡಿದು ನಡೆಯುತ್ತಿದ್ದ ಕಾಲ ಅದು. ಆದರೂ ಆ ಪೆಟ್ಟಿಗೆಯ ಕೆಲಸಕ್ಕೆ ನಿಂತೇ, ಹಲಗೆಯ ಮೈ ನುಣ್ಣಗಾಗುವ ತನಕ ತೋಪಡ ಹೊಡೆದರು. ಮೂಲೆಗಳು ಒಂದಕ್ಕೊಂದು ಕಚ್ಚಿ ಕೂತವು, ಮೊಳೆಯೇ ಇಲ್ಲ. ಕೊನೆಗೆ ಮುಂದಿನ ಹಲಗೆ ಕೂರಿಸಿದರು. ಚಿತ್ರದಂತೆಯೇ ಸುತ್ತಲೂ ಬೆರಳಗಲ ಸಂದು ಉಳಿಯಿತು.

ಅವರು ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಹಲ್ಲು ಬಿದ್ದ ಬಾಯಿಯ ಹಾಗೆ ಕಂಡಿತು. ಪಾಪ, ಮಗು ಅಳತೆ ತಪ್ಪಿದೆ ಎಂದುಕೊಂಡರು. ನಾಲ್ಕು ಜನ ನೋಡಿದರೆ ಅವಳಿಗೇ ನಾಚಿಕೆ. ಹೇಳಿದರೆ ಮುಖ ಬಾಡುತ್ತದೆ. ಮೇಸ್ತ್ರಿ ತಮ್ಮ ಪದ್ಧತಿಯಂತೆಯೇ ಮಾಡಿದರು. ತೆಳುವಾದ ಪಟ್ಟಿ ಸೀಳಿ, ಅಂಟು ಹಚ್ಚಿ, ಸಂದಿನೊಳಗೆ ಸುತ್ತಲೂ ಕೂರಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಪಾಲಿಶ್ ಕೊಟ್ಟರು. ಇರುವೆ ಹೋಗಲೂ ದಾರಿ ಉಳಿಯಲಿಲ್ಲ.

ಪೆಟ್ಟಿಗೆ ಮನೆಗೆ ಬಂದಾಗ ಮಗಳು ಮುಂದಿನ ಹಲಗೆಯ ಅಂಚಿನ ಮೇಲೆ ಬೆರಳಾಡಿಸಿದಳು. ಅವಳ ಬೆರಳು ಒಂದು ಕಡೆ ನಿಂತಿತು. ತಂದೆಯ ಮುಖ ನೋಡಿದಳು. “ತುಂಬಾ ಚೆನ್ನಾಗಿದೆ ಅಪ್ಪಾ,” ಎಂದಳು. ಆ ಮಾತಿಗೆ ಮೇಸ್ತ್ರಿ ಎರಡನೆಯ ಲೋಟ ಚಹಾ ಕುಡಿದರು.

ಒಳಗೆ ಬೋರ್ಡು, ಕಾರ್ಡು, ತಂತಿಗಳೆಲ್ಲ ಕೂತು ಯಂತ್ರ ಎದ್ದಿತು. ಕೆಲವು ದಿನ ಎಲ್ಲವೂ ಸರಿಯಿತ್ತು. ಆಮೇಲೆ, ನಾಟಕದ ತುಂಡುಗಳನ್ನೆಲ್ಲ ಸೇರಿಸಿ ಒಂದೇ ವಿಡಿಯೊ ಮಾಡುವ ರೆಂಡರ್ ಹಾಕಿದ ದಿನ, ಫ್ಯಾನುಗಳು ಊಳಿಟ್ಟವು, ಪರದೆ ಕಪ್ಪಾಯಿತು.

“ನೋಡು, ಆಟ ಆಡಿ ಆಡಿ ಅದರ ಜೀವ ತೆಗ್ದೆ,” ಎಂದಳು ತಾಯಿ ಮಗನಿಗೆ.

“ನಿನ್ನೆಯಿಂದ ಮುಟ್ಟೇ ಇಲ್ಲಮ್ಮಾ. ಮೊನ್ನೆ ಸ್ವಲ್ಪ…” ಎಂದು ಅವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡ.

ಮಗಳು ಪ್ರೊಸೆಸರಿನ ಮೇಲಿನ, ಬಿಸಿ ಇಳಿಸುವ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಿದಳು. ಮರುದಿನ ಮೇಸ್ತ್ರಿ ಕೇಳಿದಾಗ, “ಈಗ ಸರಿಯಾಗಿದೆ ಅಪ್ಪಾ,” ಎಂದಳು. ಮೇಸ್ತ್ರಿ ಅಂಗಡಿಯಲ್ಲಿ ಬೀಗದವನಿಗೆ ಹೇಳಿಯೇ ಹೇಳಿದರು: “ನಮ್ಮ ಹುಡುಗಿ ಕೆಲಸ ಈಗ ನಾನು ಮಾಡಿದ ಪೆಟ್ಟಿಗೆ ಒಳಗೆ ನಡೀತಿದೆ.”

ವಿಡಿಯೊ ಕೊಡಬೇಕಾದ ದಿನದ ಹಿಂದಿನ ಮಧ್ಯಾಹ್ನ ಮೇಸ್ತ್ರಿ ಕನ್ನಡಕ ಮನೆಯಲ್ಲೇ ಮರೆತಿದ್ದರು. ಅದನ್ನು ತರಲು ಹೊರಟ ಅವರನ್ನು ಬೀಗದವನು ತನ್ನ ಸ್ಕೂಟರಿನಲ್ಲಿ ಮನೆಯ ಬಾಗಿಲ ತನಕ ಬಿಟ್ಟ. ಹಾಗಾಗಿ ಕೋಲಿನ ಸದ್ದು ಬೀದಿಯಲ್ಲಿ ಕೇಳಲಿಲ್ಲ. ಒಳಗೆ ಹೋದರೆ ಮಗಳ ಕೋಣೆಯಲ್ಲಿ ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿತ್ತು. ತೆರೆದ ಹೊಟ್ಟೆಗೆ ಟೇಬಲ್ ಫ್ಯಾನು ಗಾಳಿ ಹೊಡೆಯುತ್ತಿತ್ತು. ಬಿಚ್ಚಿದ ಹಲಗೆ, ಗೀರು ಬೀಳದಂತೆ ಹೊದಿಕೆಯಲ್ಲಿ ಸುತ್ತಿ, ಮಂಚದ ಕೆಳಗಿತ್ತು.

“ಇವತ್ತು ಮಾತ್ರ ಅಪ್ಪಾ,” ಎಂದಳು ಮಗಳು ಎದ್ದು ನಿಂತು.

“ಇವತ್ತು ಮಾತ್ರ ಅಲ್ಲಪ್ಪಾ,” ಎಂದ ಮಗ ಹಿಂದಿನಿಂದ. “ನಿನ್ನ ಕೋಲಿನ ಸದ್ದು ಕೇಳಿದ್ರೆ ತಕ್ಷಣ ಹಲಗೆ ಹಾಕ್ತಾಳೆ. ನಾನೇ ಕಿಟಕಿ ಹತ್ರ ಕಾವಲು. ಸ್ಕೂಟರ್‌ಗೆ ಕಾವಲು ಕಾಯೋಕೆ ಯಾರೂ ಹೇಳಿರ್ಲಿಲ್ಲ.”

ಮೇಸ್ತ್ರಿ ಮಂಚದ ಅಂಚಿನಲ್ಲಿ ಕೂತರು. “ನನ್ನ ಪೆಟ್ಟಿಗೆ ಚೆನ್ನಾಗಿಲ್ವಾ?”

“ಚೆನ್ನಾಗಿದೆ. ಅದಕ್ಕೇ ಹೇಳೋಕೆ ಬಾಯಿ ಬರ್ಲಿಲ್ಲ.” ಅವಳು ಮುಂದಿನ ಹಲಗೆಯ ಅಂಚು ಮುಟ್ಟಿದಳು. “ಇಲ್ಲಿ ನಾನು ಸುತ್ತ ಜಾಗ ಬಿಟ್ಟಿದ್ದೆ ಅಪ್ಪಾ.”

“ಅಳತೆ ತಪ್ಪಿದ್ದೀಯ ಅಂದ್ಕೊಂಡೆ.”

“ತಪ್ಪಿರ್ಲಿಲ್ಲ. ಫ್ಯಾನು ಗಾಳಿ ಎಳ್ಕೊಳ್ಳೋದು ಅಲ್ಲಿಂದಾನೇ.”

ಮೇಸ್ತ್ರಿ ಮಂಚದ ಕೆಳಗಿನಿಂದ ಹಲಗೆ ಎಳೆದುಕೊಂಡರು. ಅದನ್ನು ಹೊದಿಕೆಯಿಂದ ಬಿಡಿಸಿ ಮತ್ತೆ ಅದರ ಜಾಗಕ್ಕೆ ಕೂರಿಸಿದರು. ಅಂಗಿಯ ತೋಳಿಗೆ ಅಂಟಿದ್ದ ಮರದ ತೆಳು ಸುರುಳಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಹಿಂದಿನ ಕಿಂಡಿಗೆ ಒಡ್ಡಿದರು. ಬಿಸಿಗಾಳಿಗೆ ಅದು ಸ್ವಲ್ಪ ನಡುಗಿತು. ಮುಂದಿನ ಅಂಚಿಗೆ ಒಡ್ಡಿದರು. ಅಲುಗಲಿಲ್ಲ. ಅಂಚಿನುದ್ದಕ್ಕೂ ಮೇಲಿನಿಂದ ಕೆಳಗೆ ಒಯ್ದರು. ಎಲ್ಲಿಯೂ ಅಲುಗಲಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

“ಉಳಿ ತಾ,” ಎಂದರು ಮಗನಿಗೆ. “ಸಣ್ಣದು.”

“ಅಪ್ಪಾ, ಹಾಳಾಗುತ್ತೆ. ಇರ್ಲಿ ಬಿಡು, ನಾನು ಹೀಗೇ ಮುಗಿಸ್ತೀನಿ,” ಎಂದಳು ಮಗಳು.

“ಬಾಗಿಲು ಮುಚ್ಚಿದ್ರೆ ಕೆಲಸ ಮಾಡದ ಪೆಟ್ಟಿಗೆ ಎಂಥ ಪೆಟ್ಟಿಗೆಯಮ್ಮಾ?”

ಯಂತ್ರ ಆರಿಸಿ, ಮುಂದಿನ ಹಲಗೆ ತೆಗೆದು, ಅಂಗಳದಲ್ಲಿ ಇಟ್ಟುಕೊಂಡು ಕೂತರು. ಪಟ್ಟಿಗಳು ಸುಲಭವಾಗಿ ಏಳಲಿಲ್ಲ. ಅವರ ಅಂಟು, ಅವರ ಕೂಡಿಕೆ. ಬಿಗಿ ಮೇಸ್ತ್ರಿಯ ಕೆಲಸವನ್ನು ಬಿಚ್ಚುವ ಸರದಿ ಬಿಗಿ ಮೇಸ್ತ್ರಿಗೇ ಬಂತು. ಒಂದು ಕಡೆ ಪಾಲಿಶ್ ಕಿತ್ತು ಬಿಳಿ ಮರ ಕಂಡಿತು. ಆದರೂ ಅವರ ಕೈ ನಿಲ್ಲಲಿಲ್ಲ. ಮಗಳು ಎದುರಿಗೆ ಕೂತು ಹಲಗೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು.

“ಕೇಳ್ಬೇಕಿತ್ತು ನಾನು,” ಎಂದರು ಮೇಸ್ತ್ರಿ, ಉಳಿಯ ಕಡೆಗೇ ನೋಡುತ್ತ.

“ನಾನೂ ಅವತ್ತೇ ಹೇಳ್ಬೇಕಿತ್ತು.”

“ನಿಮ್ಮಿಬ್ಬರ ಮರ್ಯಾದೆ ಮಧ್ಯ ಕಂಪ್ಯೂಟರ್‌ಗೆ ಜ್ವರ ಬಂತು,” ಎಂದಳು ತಾಯಿ ಬಾಗಿಲಿನಿಂದ.

ಎಲ್ಲ ಹಲಗೆಗಳೂ ಕೂತ ಮೇಲೆ ಮಗಳು ರೆಂಡರ್ ಹಾಕಿದಳು. ಮೇಸ್ತ್ರಿ ಅಂಗಡಿಗೆ ಹೋಗಲಿಲ್ಲ. ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಅದೇ ಸುರುಳಿಯನ್ನು ಮುಂದಿನ ಸಂದಿಗೆ ಒಡ್ಡಿದರು. ಅದು ಅವರ ಬೆರಳು ಬಿಟ್ಟು ಹೋಗಿ ಸಂದಿಗೆ ಅಂಟಿಕೊಂಡಿತು. ಅವರು ಅದನ್ನು ಬಿಡಿಸಿದರು, ಮತ್ತೆ ಒಡ್ಡಿದರು, ಮತ್ತೆ ಅಂಟಿತು. ಫ್ಯಾನುಗಳು ಊಳಿಡಲಿಲ್ಲ. ಪರದೆಯ ಮೇಲಿನ ಹಸಿರು ಪಟ್ಟಿ ನಿಧಾನವಾಗಿ ಕೊನೆ ಮುಟ್ಟಿತು. ಆಮೇಲೆ ಮಗಳು ನಾಟಕದ ಕೊನೆಯ ದೃಶ್ಯ ಹಾಕಿ ತೋರಿಸಿದಳು. ಒಬ್ಬ ಮುದುಕ ರಂಗದ ಮೇಲೆ ಬಾಗಿಲು ತೆರೆದು ಹೊರಗೆ ಹೋಗುತ್ತಾನೆ.

“ಆ ಬಾಗಿಲು ಸೊಟ್ಟ ಇದೆ,” ಎಂದರು ಮೇಸ್ತ್ರಿ. ಮಗಳ ಕಡೆ ತಿರುಗಿ ಕೇಳಿದರು, “ಬೇಕಂತಲೇ ಮಾಡಿದ್ದಾ?”

“ಹೂಂ ಅಪ್ಪಾ. ಅದು ಹಳೇ ಮನೆ,” ಎಂದಳು ಮಗಳು, ನಗುತ್ತ.

ವಿಡಿಯೊ ಸ್ಟುಡಿಯೊಗೆ ಹೇಳಿದ ದಿನವೇ ಹೋಯಿತು, ಮುಂದಿನ ಕೆಲಸವೂ ಬಂತು. ಈಗ ಮಗಳ ಕೋಣೆಗೆ ಮೇಸ್ತ್ರಿ ಮೇಜು ಮಾಡುತ್ತಿದ್ದಾರೆ. ಈ ಸಲ ಅವಳೇ ಕೇಳಿದ್ದು. ಅವಳು ಬರೆದ ಚಿತ್ರದ ಒಂದೊಂದು ಗೆರೆಯ ಮೇಲೂ ಬೆರಳಿಟ್ಟು, “ಇದು ತಪ್ಪೋ, ಬೇಕಂತಲೇನೋ?” ಎಂದು ಕೇಳುತ್ತಾರೆ. ಗಿರಾಕಿಗಳನ್ನೂ ಹಾಗೆಯೇ ಕೇಳಲು ಶುರುಮಾಡಿದ್ದಾರೆ. ಕೆಲವರ ಮುಖ ಬಾಡುತ್ತದೆ, ಮೇಸ್ತ್ರಿ ಅದನ್ನು ತಾಳಿಕೊಳ್ಳುತ್ತಾರೆ. ಬೀಗದವನು ‘ಸಡಿಲ ಮೇಸ್ತ್ರಿ’ ಎಂದು ಕರೆದು ನೋಡಿದ, ಬೀದಿಯಲ್ಲಿ ಯಾರೂ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಬಿಳಿ ಮರ ಕಂಡ ಜಾಗಕ್ಕೆ ಮೇಸ್ತ್ರಿ ಇನ್ನೂ ಪಾಲಿಶ್ ಹಚ್ಚಿಲ್ಲ.

ಪೆಟ್ಟಿಗೆ ಬಹಳ ಕಾಲ ಬಾಳಬೇಕಾದರೆ ಸಂದಿನ ಹಿಂದಿರುವ ಜಾಲರಿಯಲ್ಲಿ ಧೂಳು ಕಟ್ಟಬಾರದು ಎಂದು ಅಕ್ಕ, ಅಂದರೆ ಮೇಸ್ತ್ರಿಯ ಮಗಳು, ಹೇಳಿದ್ದಾಳೆ. ಆ ಕೆಲಸ ನನಗೆ ಕೊಟ್ಟಿದ್ದಾರೆ. ಇಲ್ಲಿಗೆ ಬರೆಯುವುದನ್ನು ನಿಲ್ಲಿಸಿ, ಮೆತ್ತನೆಯ ಬ್ರಶ್ ತೆಗೆದುಕೊಂಡು ಹೋಗಿ ಜಾಲರಿ ಒರೆಸುತ್ತೇನೆ.