ತಿಪ್ಪವ್ವನ ಕರಿದಾರ

ಹತ್ತಿಮತ್ತೂರಿಗೆ ಬಂದು ತಿಪ್ಪವ್ವನ ಮನೆ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡುತ್ತಿದ್ದರು. ದನದ ತಿಪ್ಪವ್ವ ಎಂದರೆ ಮಾತ್ರ ಕರೆದುಕೊಂಡು ಬಂದು ಬಾಗಿಲಿಗೇ ಬಿಡುತ್ತಿದ್ದರು. ಅವಳಪ್ಪ ದನಗಳಿಗೆ ಔಷಧ ಹಾಕುತ್ತಿದ್ದವನು. ಗಂಡುಮಕ್ಕಳಿರಲಿಲ್ಲ, ಆದ್ದರಿಂದ ವಿದ್ಯೆಯನ್ನು ಮಗಳಿಗೇ ಕೊಟ್ಟ. ಊರಿನ ಗಂಡಸರು ಮೊದಮೊದಲು ಮೂಗು ಮುರಿದರು. ಹೊಟ್ಟೆಯಲ್ಲಿ ಕರು ಅಡ್ಡಲಾದಾಗ ಅವಳ ಸಣ್ಣ ಕೈ ಒಳಗೆ ಹೋಗಿ ಅದನ್ನು ನೆಟ್ಟಗೆ ಮಾಡಿ ಎಳೆದು ತರುವುದನ್ನು ಕಂಡ ಮೇಲೆ ಆ ಮೂಗುಗಳೂ ನೆಟ್ಟಗಾದವು.

ನಾನು ಅವಳ ಪಕ್ಕದ ಮನೆಯ ಸುಶೀಲವ್ವ. ನಮ್ಮಿಬ್ಬರ ಹಿತ್ತಿಲಿಗೆ ಒಂದೇ ಮೋಟುಗೋಡೆ. ತಿಪ್ಪವ್ವ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಸೀನು ನನಗೆ. ಅವಳ ವಿಷಯ ಹೇಳಲು ನನಗಿಂತ ಹೆಚ್ಚು ಹಕ್ಕುಳ್ಳವರು ಯಾರೂ ಇಲ್ಲ, ಇದ್ದರೆ ಬಂದು ಜಗಳವಾಡಲಿ.

ಔಷಧ ಹಾಕಿದ ದನದ ಕೊರಳಿಗೆ ತಿಪ್ಪವ್ವ ಕರಿಯ ಉಣ್ಣೆದಾರವೊಂದನ್ನು ಕಟ್ಟುತ್ತಿದ್ದಳು. ಅಪ್ಪನ ಕಾಲದ ಪದ್ಧತಿ ಅದು. ದನ ಬದುಕಿದರೆ ದಾರ ಅದರ ಕೊರಳಲ್ಲೇ ಸವೆದು ಹೋಗಬೇಕು. ಸತ್ತರೆ ದಾರ ಬಿಚ್ಚಿ ತಂದು ಕಟ್ಟಿದವರ ಕೈಗೇ ಕೊಡಬೇಕು. ಇದರ ಜೊತೆಗೆ ನಮ್ಮೂರಲ್ಲಿ ಇನ್ನೊಂದು ನಂಬಿಕೆ ಇತ್ತು. ದನಕ್ಕೆ ಗುಣವಾಯಿತೆಂದು ಔಷಧ ಹಾಕಿದವರಿಗೆ ಹೇಳಬಾರದು, ಬಾಯಿಬಿಟ್ಟು ಹೇಳಿದರೆ ಬೇನೆ ಕೇಳಿಸಿಕೊಂಡು ತಿರುಗಿ ಬರುತ್ತದೆ. ಬೇನೆಗೆ ಕಿವಿ ಇದೆಯೆಂದು ಕಂಡುಹಿಡಿದ ಪುಣ್ಯಾತ್ಮನಿಗೆ ತಲೆ ಇತ್ತೋ ಇಲ್ಲವೋ, ಅದನ್ನು ಯಾರೂ ವಿಚಾರಿಸಲಿಲ್ಲ. ಹೀಗಾಗಿ ಹಾಲು ಕರೆದುಕೊಂಡು ಉಂಡವರೆಲ್ಲ ಸುಮ್ಮನಿರುತ್ತಿದ್ದರು. ದನ ಕಳೆದುಕೊಂಡವರು ಮಾತ್ರ ದಾರ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ತಿಪ್ಪವ್ವ ಅವನ್ನು ಪಡಸಾಲೆಯ ಗೂಟಕ್ಕೆ ನೇತು ಹಾಕುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರಿಗೆ ದೊಡ್ಡಬೇನೆ ಬಂತು. ದನಗಳ ಬಾಯಲ್ಲಿ ಹುಣ್ಣು, ಮೈಯೆಲ್ಲ ಜ್ವರ, ನಿಲ್ಲದ ಭೇದಿ. ತಿಪ್ಪವ್ವ ಊಟ ನಿದ್ದೆ ಬಿಟ್ಟು ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗಿದಳು. ಎಷ್ಟೋ ದನ ಬದುಕಿದವು, ಯಾರೂ ಅವಳಿಗೆ ಹೇಳಲಿಲ್ಲ. ಎಷ್ಟೋ ಸತ್ತವು, ಅವುಗಳ ದಾರ ಬಂದವು. ಗೂಟದ ಮೇಲೆ ಕರಿಯ ಗೊಂಚಲು ಬೆಳೆಯಿತು. ಪರಮೇಶ್ವರಪ್ಪಗೌಡರ ಜೋಡೆತ್ತುಗಳೆರಡೂ ಮಲಗಿದ್ದವು. ಒಂದು ಸತ್ತಾಗ ಗೌಡರು ತಾವೇ ದಾರ ತಂದರು.

"ನಿನ್ನ ಕೈ ಮೊದಲಿನಂಗ ಉಳದಿಲ್ಲ ಬಿಡವ್ವಾ" ಎಂದು ಹೇಳಿ ಹೋದರು.

ದುಃಖದಲ್ಲಿ ಆಡಿದ ಮಾತು ಅದು, ಗೌಡರು ಕೆರೆ ದಾಟುವುದರೊಳಗೆ ಮರೆತಿರಬೇಕು. ತಿಪ್ಪವ್ವ ಮರೆಯಲಿಲ್ಲ. ಅಂದಿನಿಂದ ಅವಳ ಕೈ ನಡುಗತೊಡಗಿತು. ಕರೆಯಲು ಬಂದವರನ್ನು ಹೊರಗಿನಿಂದಲೇ ಕಳಿಸಿದಳು. ಗೋಡೆಗೆ ಮುಖ ಮಾಡಿ ಮಲಗಿದರೆ ಏಳುತ್ತಿರಲಿಲ್ಲ, ಎದ್ದರೆ ಗೂಟ ನೋಡುತ್ತ ಕೂತುಬಿಡುತ್ತಿದ್ದಳು. ಒಲೆ ಹಚ್ಚುವುದನ್ನು ಅವಳ ಗಂಡ ಲಕ್ಕಪ್ಪ ಕಲಿತ. ಪಾಪ, ಅವನಿಗೆ ಒಗ್ಗರಣೆ ಬರುತ್ತಿರಲಿಲ್ಲ. ನನ್ನ ಸೀನು ನಿಂತಿತು, ಅದು ನಿಂತದ್ದಕ್ಕೆ ನನಗೆ ಹೆದರಿಕೆಯಾಯಿತು.

ಊರವರು ಗಾಳಿ ಬಡಿದಿದೆ ಎಂದರು. ಸವಣೂರಿನ ಮಠದ ತೀರ್ಥವಾಯಿತು, ದರ್ಗಾದ ತಾಯಿತವಾಯಿತು. ಮನಸ್ಸು ಸೋತಿದೆ ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಹಗಲೆಲ್ಲ ಸಾವನ್ನೇ ಎದುರಿಸಿ ಬಂದವಳಿಗೆ ಮನಸ್ಸು ಎಂಬುದೊಂದು ಇರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ಆಕಳು ಕೆಂದಿ ಆಗ ಗಬ್ಬ. ಹಿಂದಿನ ಸಲ ಅದರ ಕರು ಅಡ್ಡಲಾಗಿ ತಿಪ್ಪವ್ವನೇ ಬದುಕಿಸಿದ್ದಳು. ಈ ಸಲವೂ ಹಾಗೆಯೇ ಆದರೆ, ತಿಪ್ಪವ್ವ ಬರದೆ ಕೆಂದಿ ಉಳಿಯುವುದಿಲ್ಲ. ಮತ್ತೆ ಕೈ ಹಾಕುವ ಧೈರ್ಯ ಬರದಿದ್ದರೆ ತಿಪ್ಪವ್ವನೂ ಉಳಿಯುವುದಿಲ್ಲ. ಇವೆರಡೂ ನನಗೆ ಹಗಲಿನಷ್ಟು ಸ್ಪಷ್ಟವಾಗಿದ್ದವು.

"ನೋಡಿಲ್ಲಿ, ನೀ ಉಳಿಸಿದ ಕೆಂದಿ ಬದುಕೇತಿಲ್ಲೇನ?" ಎಂದು ಗೋಡೆಯಾಚೆಯಿಂದ ಕೂಗಿದೆ ಒಂದು ದಿನ.

"ಅದು ನಿನ್ನ ದೈವಾ, ಸುಶೀಲವ್ವಾ. ನನ್ನ ಕೈದಲ್ಲ" ಎಂದಳು.

ಸವಣೂರಿನ ದಾವಲಬಿ ತಲೆಯ ಮೇಲೆ ಕಡಲೆಹಿಟ್ಟಿನ ಖಾರದ ಬುಟ್ಟಿ ಹೊತ್ತು ಸುತ್ತಲ ಊರುಗಳಲ್ಲಿ ಮಾರುತ್ತಿದ್ದಳು. ನಮ್ಮೂರಿಗೆ ಬಂದಾಗಲೆಲ್ಲ ತಿಪ್ಪವ್ವನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ ಹರಟುವುದು ಅವಳ ರೂಢಿ. ಬೇಸಿಗೆಯಲ್ಲಿ ಬಂದವಳು ಗೆಳತಿಯ ಮುಖ ನೋಡಿ ಬೆಚ್ಚಿಬಿದ್ದಳು, ಲಕ್ಕಪ್ಪನಿಂದ ಸಂಗತಿ ತಿಳಿದು ಅವಳೆದುರು ಕೂತಳು.

"ಏ ತಿಪ್ಪವ್ವಾ, ನಿನ್ನ ದಾರ ಬಂಕಾಪುರದಾಗ ನೋಡೇನಿ, ಶಿಗ್ಗಾಂವಿ ದಾರ್‍ಯಾಗ ನೋಡೇನಿ. ಎಮ್ಮಿ ಕೊಳ್ಳಾಗ, ಎತ್ತಿನ ಕೊಳ್ಳಾಗ. ಎಲ್ಲಾ ಹುಲ್ಲ ಮೇಯಾಕತ್ತಾವ."

"ನೀ ಖಾರಾ ಮಾರಾಕಿ, ನನ್ನ ಮುಂದ ಸಕ್ರಿ ಮಾತ್ಯಾಕ ಆಡ್ತಿ? ಆ ಗೂಟಾ ನೋಡು. ಗೂಟಾ ಸುಳ್ಳ ಹೇಳಂಗಿಲ್ಲ."

ದಾವಲಬಿ ಸಿಟ್ಟಿನಿಂದ ಸೆರಗು ಝಾಡಿಸುತ್ತ ನಮ್ಮ ಮನೆಗೆ ಬಂದಳು. "ಈಕಿಗೆ ಹೇಳಿದ್ರ ನಾಟಂಗಿಲ್ಲ, ಸುಶೀಲವ್ವಾ. ಕಣ್ಣಿಗೆ ಕಾಣಬೇಕು" ಎಂದಳು.

ಇಬ್ಬರೂ ಪರಮೇಶ್ವರಪ್ಪಗೌಡರ ಹತ್ತಿರ ಹೋದೆವು. ಊರಲ್ಲಿ ಅವರ ಮಾತಿಗೆ ತೂಕವಿತ್ತು. ಬದುಕಿದ ದನಗಳನ್ನು ತಿಪ್ಪವ್ವನ ಬಾಗಿಲಿಗೆ ತರಬೇಕೆಂದು ಕೇಳಿದ ಕೂಡಲೇ ಗೌಡರು ಎದ್ದು ನಿಂತರು.

"ಗುಣ ಆಗೇತಿ ಅಂತ ಆಕಿ ಮನಿಗೆ ಹೋಗಿ ಹೇಳೂದ? ಬ್ಯಾನಿ ತಿರುಗಿ ಬಂದ್ರ ನೀವಿಬ್ರು ತಡೀತೀರೇನ?"

"ಹೇಳ್ರಿ ಅಂತ ಯಾರಂದಾರ್‍ರೀ ಗೌಡ್ರ?" ಎಂದಳು ದಾವಲಬಿ. "ತುಟಿ ಪಿಟಕ್ ಅನಬ್ಯಾಡ್ರಿ. ಕಾರಹುಣ್ಣಿಮಿ ದಿನ ದನಾ ಮೈ ತೊಳಿಯಾಕ ಕೆರಿಗೆ ಹೊಡಕೊಂಡು ಹೊಕ್ಕೀರಲ್ಲಾ, ಆಕಿ ಮನಿ ಮುಂದ ಹಾಯ್ದು ಹೋಗ್ರಿ. ಹೇಳಬಾರದು ಅಂತ ಐತಿ. ತೋರಸಬಾರದು ಅಂತ ಯಾರ ಹೇಳ್ಯಾರ?"

ಗೌಡರು ಮೀಸೆ ತಿರುವಿದರು. "ಬ್ಯಾನಿಗೆ ಕಿವಿ ಅದಾವ ಅಂತಾರ, ಕಣ್ಣ ಅದಾವ ಅಂತ ನಾನೂ ಕೇಳಿಲ್ಲ" ಎಂದು ಕೊನೆಗೆ ಒಪ್ಪಿಕೊಂಡರು. ದಾವಲಬಿ ಅಂದಿನಿಂದ ಹೋದ ಊರಲ್ಲೆಲ್ಲ ಖಾರದ ಜೊತೆಗೆ ಈ ಸುದ್ದಿಯನ್ನೂ ಹಂಚಿದಳು.

ಕಾರಹುಣ್ಣಿಮೆಯ ಬೆಳಿಗ್ಗೆ ಲಕ್ಕಪ್ಪ ಹೆಂಡತಿಯನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂರಿಸಿದ. ಅವಳು ತಲೆ ತಗ್ಗಿಸಿಯೇ ಕೂತಿದ್ದಳು. ಗೆಜ್ಜೆಯ ಸದ್ದು ಕೇಳಿತು. ಮೊದಲು ಬಂದದ್ದು ಗೌಡರು, ಕೈಯಲ್ಲಿ ಉಳಿದೊಂದು ಎತ್ತಿನ ಹಗ್ಗ. ಅದರ ಕೊರಳಲ್ಲಿ ಕರಿದಾರ.

ತಿಪ್ಪವ್ವ ತಲೆಯೆತ್ತಿದಳು. ಅದೂ ಸತ್ತಿತೆಂದೇ ಅವಳು ತಿಳಿದಿದ್ದಳು. ದಾರ ಮಾತ್ರ ತರಲಿಲ್ಲ, ಅಷ್ಟು ಸಿಟ್ಟು ಗೌಡರಿಗೆ ಎಂದುಕೊಂಡಿದ್ದಳು.

ಗೌಡರ ಹಿಂದೆ ಎಮ್ಮೆಗಳು, ಆಕಳುಗಳು, ಕರುಗಳು, ಬೀದಿ ತುಂಬ. ಬಂಕಾಪುರದವರು ನಸುಕಿನಲ್ಲೇ ಹೊರಟು ಬಂದಿದ್ದರು. ನಮ್ಮೂರಿನಿಂದ ಹಾನಗಲ್ಲ ಸಂತೆಗೆ ಹೋಗಿ ಮಾರಾಟವಾದ ಎತ್ತೊಂದು ಹೊಸ ಯಜಮಾನನ ಬಂಡಿ ಎಳೆದುಕೊಂಡು ಬಂತು, ಅದರ ದಾರ ಬಿಸಿಲಿಗೆ ಕಂದಾಗಿತ್ತು. ದನಗಳು ಕೂಗುತ್ತಿದ್ದವು, ಮನುಷ್ಯರೆಲ್ಲ ಹಲ್ಲು ಕಚ್ಚಿಕೊಂಡು ಮೌನವಾಗಿ ನಡೆದರು. ಇಷ್ಟು ಜನ ಬಾಯಿ ಮುಚ್ಚಿಕೊಂಡಿದ್ದನ್ನು ನಮ್ಮೂರು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ತಿಪ್ಪವ್ವ ಎದ್ದು ನಿಂತಳು. "ಇದು ಹೊಟ್ಟಿ ಉಬ್ಬಿದ ಎಮ್ಮಿ... ಇದು ಕಾಲ ಮುರದಿದ್ದ ಹೋರಿ... ಅಯ್ಯ, ಈ ಕರಾ ನಾನ ತಗದಿದ್ದು, ಎಷ್ಟ ದೊಡ್ಡದಾಗೇತಿ!" ಎನ್ನುತ್ತ ಬೀದಿಗೆ ಇಳಿದು ಒಂದೊಂದರ ಕೊರಳನ್ನೂ ಮುಟ್ಟಿದಳು. ಅವಳು ಅತ್ತಳು, ನಾನೂ ಅತ್ತೆ. ಬುಟ್ಟಿ ಹೊತ್ತು ನಿಂತ ದಾವಲಬಿ ಮಾತ್ರ ನಕ್ಕಳು.

ಅಂದೇ ಮಧ್ಯಾಹ್ನ ಕೆಂದಿ ಈಯುವ ಬೇನೆ ತಿನ್ನತೊಡಗಿತು. ಕರುವಿನ ಒಂದೇ ಕಾಲು ಹೊರಗೆ ಬಂದು ನಿಂತುಬಿಟ್ಟಿತು. ನಾನು ಹಿತ್ತಿಲಿನಿಂದ ಕೂಗಿದೆ. ತಿಪ್ಪವ್ವ ಬಾಗಿಲು ಸುತ್ತಿ ಬರಲಿಲ್ಲ, ಸೀರೆ ಕಚ್ಚೆ ಹಾಕಿ ಗೋಡೆ ಹಾರಿಯೇ ಬಂದಳು. ಕೈಗೆ ಔಡಲೆಣ್ಣೆ ಸುರಿದೆ. ಅವಳು ಬೆರಳುಗಳನ್ನು ನೋಡಿಕೊಂಡಳು.

"ನಡಗಾಕತ್ತಾವ, ಸುಶೀಲವ್ವಾ."

"ನಡಗಲಿ. ಮುಂಜಾನಿ ನೋಡಿದೆಲ್ಲಾ, ಅವನ್ನೆಲ್ಲಾ ಬದುಕಿಸಿದ್ದು ಇದ ಕೈ" ಎಂದು ಗದರಿದೆ.

ಕೈ ಒಳಗೆ ಹೋಯಿತು. ತಿಪ್ಪವ್ವ ಕಣ್ಣು ಮುಚ್ಚಿದಳು. ಮಡಚಿದ್ದ ಇನ್ನೊಂದು ಕಾಲನ್ನು ಹುಡುಕಿ, ಮೆಲ್ಲಗೆ ಬಿಡಿಸಿ, ಕೆಂದಿ ತಿಣುಕಿದಾಗಲೆಲ್ಲ ಎಳೆದಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅವಳು ಅದರ ಮೂಗು ಒರೆಸಿ ಊದಿದಳು. ಕರು ಕಿವಿ ಝಾಡಿಸಿತು. ಆ ಹೊತ್ತಿಗೆ ಅವಳ ಕೈ ನಡುಗುತ್ತಿರಲಿಲ್ಲ, ಅದನ್ನು ಅವಳಿಗಿಂತ ಮೊದಲು ನಾನು ನೋಡಿದೆ.

ನಾನು ತಡೆದುಕೊಳ್ಳಲಿಲ್ಲ. ಬೀದಿಗೆ ಓಡಿಹೋಗಿ ಊರಿಗೆಲ್ಲ ಕೇಳುವಂತೆ ಕೂಗಿದೆ: "ನನ್ನ ಆಕಳಿಗೆ ಗುಣ ಆತು! ಕರಾನೂ ಬದುಕೇತಿ! ತಿಪ್ಪವ್ವ ಬದುಕಿಸ್ಯಾಳ!"

ಗೌಡರು ಕಿವಿ ಮುಚ್ಚಿಕೊಂಡರಂತೆ. ಬೇನೆ ಖಂಡಿತ ಕೇಳಿಸಿಕೊಂಡಿರಬೇಕು, ಆದರೂ ಬರಲಿಲ್ಲ. ಕೆಂದಿ ಆಮೇಲೂ ಎರಡು ಸಲ ಈದಿತು.

ಆ ವಾರವೇ ತಿಪ್ಪವ್ವ ಅಪ್ಪನ ಪದ್ಧತಿಯನ್ನು ಬದಲಿಸಿದಳು. ಬದುಕಿದ ದನದ ದಾರವನ್ನೂ ಬಿಚ್ಚಿ ತಂದು ಕೊಡಬೇಕು, ಇಲ್ಲವಾದರೆ ಮುಂದಿನ ಸಲ ಬರುವುದಿಲ್ಲ ಎಂದು ಸಾರಿದಳು. ಲಕ್ಕಪ್ಪ ಪಡಸಾಲೆಯಲ್ಲಿ ಎರಡನೆಯ ಗೂಟ ಬಡಿದ. ಹಳೆಯ ಗೊಂಚಲನ್ನು ಕೆರೆಗೆ ಬಿಸಾಡು ಎಂದು ದಾವಲಬಿ ಹೇಳಿದಾಗ ತಿಪ್ಪವ್ವ ತಲೆಯಾಡಿಸಿದಳು.

"ಬ್ಯಾಡ. ಅವೂ ನನ್ನವ. ಆದ್ರ ಅವಷ್ಟ ನನ್ನವಲ್ಲ."

ಸ್ವಾತಂತ್ರ್ಯ ಬರುವ ಹೊತ್ತಿಗೆ ಎರಡನೆಯ ಗೂಟದಲ್ಲಿ ಜಾಗ ಸಾಲದೆ ಇನ್ನೂ ಒಂದನ್ನು ಬಡಿಯಬೇಕಾಯಿತು. ಹಿರೇಕೆರೂರಿನಿಂದಲೂ ಬಂಡಿ ಕಟ್ಟಿಕೊಂಡು ಅವಳನ್ನು ಕರೆಯಲು ಬರುತ್ತಿದ್ದರು. ದನಗಳು ಆಮೇಲೂ ಸತ್ತವು, ಸಾಯದೆ ಇರುತ್ತವೆಯೇ? ಅಂಥ ದಿನ ತಿಪ್ಪವ್ವ ಬಂದು ಪಡಸಾಲೆಯಲ್ಲಿ ಕೂತು ಮೊದಲ ಗೂಟ ನೋಡುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಿದ್ದಳು, ಆಮೇಲೆ ಪಕ್ಕದ ಗೂಟಗಳನ್ನು ನೋಡುತ್ತಿದ್ದಳು. ನಾನು ಗೋಡೆಯ ಈಚೆ ಕೆಲಸ ಬಿಟ್ಟು ಕಾಯುತ್ತ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಾಣಲೆಯ ಸದ್ದಾಗುತ್ತಿತ್ತು, ನನಗೆ ಜೋರಾಗಿ ಸೀನು ಬರುತ್ತಿತ್ತು.