ಕೈಮರದ ತಂತಿ ಹಿಡಿದ ಬಳ್ಳಿ

ತೀರ್ಥಮ್ಮ ನೆಟ್ಟದ್ದೆಲ್ಲ ಚಿಗುರುತ್ತಿತ್ತು, ತಿನ್ನುವ ಯೋಗ ಮಾತ್ರ ಬೇರೆಯವರದು. ಗಂಡ ಹೊನ್ನಯ್ಯ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಕಡೂರಿನ ಕ್ವಾರ್ಟರ್ಸಿನಲ್ಲಿ ನುಗ್ಗೆ ಹೂ ಬಿಟ್ಟ ವರ್ಷವೇ ತರೀಕೆರೆಗೆ ವರ್ಗವಾಯಿತು. ತರೀಕೆರೆಯಲ್ಲಿ ಪಪ್ಪಾಯ ಕಾಯಿ ಕಚ್ಚುವಷ್ಟರಲ್ಲಿ ಇನ್ನೊಂದು ಆರ್ಡರು ಬಂತು. ಸಾಮಾನು ಹೇರುವಾಗ ಅವಳು ಗಿಡಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದಳು. ಹಿರೇನಲ್ಲೂರಿನ ಬೇಸಾಯದ ಮನೆಯ ಮಗಳು, ನೆಟ್ಟದ್ದನ್ನು ಬಿಟ್ಟು ಹೊರಡುವಾಗ ಹೊಟ್ಟೆ ಉರಿಯದೆ ಇದ್ದೀತೆ?

ಅಜ್ಜಂಪುರದ ಆಚೆಗಿನ ಆ ಸಣ್ಣ ಸ್ಟೇಷನ್ನಿಗೆ ಬಂದದ್ದು ೧೯೫೮ರಲ್ಲಿ. ಕಾಫಿ ತೋಟದಲ್ಲಿ ಕೆಲಸಕ್ಕಿದ್ದ ತಮ್ಮ ಒಂದು ಬಳ್ಳಿಯ ತುಂಡು ತಂದುಕೊಟ್ಟ. ಶರಬತ್ತು ಮಾಡುವ ಹಣ್ಣಿನ ಬಳ್ಳಿಯಂತೆ. ಹಿತ್ತಲಿನ ಚಪ್ಪರ ತುಂಬ ಹಬ್ಬಿ ಹೂ ಬಿಟ್ಟಾಗ ನೋಡಲು ಜನ ಬಂದರು. ಸುತ್ತಲಿನ ಎಳೆಗಳು ನೂರು ಮಂದಿ ಕೌರವರು, ನಡುವಿನ ಐದು ಪಾಂಡವರು ಎಂದು ತೀರ್ಥಮ್ಮ ತೋರಿಸುತ್ತಿದ್ದಳು. ಕೌರವರನ್ನು ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ, ಆದರೂ ಎಲ್ಲರೂ ತಲೆಯಾಡಿಸಿದರು.

ಬೇಲಿಯಾಚೆ, ನೆಲದಿಂದ ಮೊಣಕಾಲೆತ್ತರದಲ್ಲಿ, ಸಣ್ಣ ಗಾಲಿಗಳ ಮೇಲೆ ರೈಲಿಗೆ ಸಿಗ್ನಲ್ ಕೊಡುವ ಕೈಮರದ ತಂತಿ ಓಡುತ್ತಿತ್ತು. ಸ್ಟೇಷನ್ನಿನಲ್ಲಿ ಹೊನ್ನಯ್ಯ ಲಿವರ್ ಎಳೆದರೆ ತಂತಿ ಬಿಗಿದು ಕೈಮರದ ಕೈ ಕೆಳಗೆ ಬೀಳುತ್ತಿತ್ತು, ರೈಲು ಒಳಗೆ ಬರುತ್ತಿತ್ತು. ಲಿವರ್ ಬಿಟ್ಟರೆ ಕೈಮರ ಮತ್ತೆ ಏಳಬೇಕು, ಹಿಂದೆ ಬರುವ ರೈಲು ಹೊರಗೇ ನಿಲ್ಲಬೇಕು.

"ಬಳ್ಳಿ ತಂತಿ ಕಡೆ ಹೋಗ್ಬಾರ್ದು ಕಣೇ. ಕಂಡ ತಕ್ಷಣ ಕುಯ್ದಾಕು" ಎಂದು ಹೊನ್ನಯ್ಯ ಮೊದಲೇ ಹೇಳಿದ್ದ.

ಅವಳು ಕುಯ್ಯುತ್ತಲೇ ಇದ್ದಳು. ಆದರೆ ಬಿಸಿಲು ಬೀಳುವುದು ಆ ಕಡೆಗೇ, ಹಾಳು ಬಳ್ಳಿ ಕಾಯಿ ಬಿಟ್ಟದ್ದೂ ಬೇಲಿ ದಾಟಿದ ಕವಲಿನಲ್ಲೇ. ಅಷ್ಟರಲ್ಲಿ ಮತ್ತೆ ವರ್ಗದ ಸುದ್ದಿ ಎದ್ದಿತು. ಈ ಒಂದು ಬೆಳೆಯನ್ನಾದರೂ ಬಾಯಿಗೆ ಹಾಕಿಕೊಂಡೇ ಹೋಗಬೇಕೆಂದು ಅವಳು ಹಟ ಹಿಡಿದಳು. ಹಣ್ಣಾಗಲಿ, ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡು ಕುಡುಗೋಲನ್ನು ಸೂರಿಗೆ ಸಿಕ್ಕಿಸಿದಳು.

ಒಂದು ಮಧ್ಯಾಹ್ನ ಗೂಡ್ಸ್ ಬಂದು ಸ್ಟೇಷನ್ನಿನಲ್ಲಿ ನಿಂತಿತು. ತೀರ್ಥಮ್ಮ ಪಾತ್ರೆ ತೊಳೆಯುತ್ತಾ ತಲೆಯೆತ್ತಿದಳು. ಕೈಮರ ಬಿದ್ದೇ ಇತ್ತು. ಗೂಡ್ಸ್ ಒಳಗೆ ಬಂದಾಗಿದೆ, ಲಿವರ್ ಬಿಟ್ಟಾಗಿದೆ, ಇದು ಯಾಕೆ ಎದ್ದಿಲ್ಲ? ಸ್ಟೇಷನ್ನಿಗೆ ಹುಣಸೆ ಮರಗಳು ಅಡ್ಡ, ಅಲ್ಲಿಂದ ಕೈಮರ ಕಾಣುವುದಿಲ್ಲ. ಅಷ್ಟರಲ್ಲಿ ದೂರದಿಂದ ಪ್ಯಾಸೆಂಜರಿನ ಸೀಟಿ ಕೇಳಿಸಿತು.

ಅವಳು ಸೂರಿನ ಕುಡುಗೋಲು ಕಿತ್ತುಕೊಂಡು ಬೇಲಿ ನುಗ್ಗಿದಳು. ಗಾಲಿಯೊಳಗೆ ಬಳ್ಳಿ ಸುತ್ತಿ ಸುತ್ತಿ ಸಿಕ್ಕಿಕೊಂಡಿತ್ತು, ತಂತಿ ಅಲುಗುತ್ತಿರಲಿಲ್ಲ. ಕೊಚ್ಚಿದಳು. ಹಸಿ ನಾರು ತುಂಡಾಗದೆ ಜಾರಿತು. ಹಳಿ ಗುಂಯ್ ಎನ್ನತೊಡಗಿತು. ಕುಡುಗೋಲು ಬಿಸಾಡಿ ಎರಡೂ ಕೈ ಹಾಕಿ ಕಿತ್ತಳು, ಹಲ್ಲಿನಿಂದ ಎಳೆದಳು. ತಂತಿ ಚಂಗನೆ ಹಾರಿ ಮೊಣಕೈಗೆ ಬಡಿಯಿತು. ಕೈಮರ ದಡಾರನೆ ಎದ್ದಿತು.

ಎದ್ದ ಕೈಮರ ಕಂಡು ಬ್ರೇಕ್ ಹಾಕಿದ ಎಂಜಿನ್ ಕಿರುಚಿಕೊಂಡು ಅದನ್ನು ದಾಟಿ ಬಂದು, ಅವಳ ಬೇಲಿಯನ್ನೂ ದಾಟಿ ನಿಂತಿತು. ಮುಂದೆ ಗೂಡ್ಸಿನ ಹಿಂಬದಿಯ ಡಬ್ಬಿ ಕಾಣುತ್ತಿತ್ತು.

ಹೊನ್ನಯ್ಯ ಏದುಸಿರು ಬಿಡುತ್ತಾ ಓಡಿಬಂದ. ತೀರ್ಥಮ್ಮ ಏನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ, ಉದುರಿದ ಹಸಿರು ಕಾಯಿಗಳನ್ನು ಉಡಿಗೆ ತುಂಬಿಕೊಳ್ಳುತ್ತಿದ್ದಳು.

"ತಪ್ಪು ನಂದು" ಎಂದಳು. "ನೀವು ಕುಯ್ಯಿ ಅಂದ್ರಿ, ನಾನು ಬಿಟ್ಟೆ. ಸ್ಟೇಷನ್ ಮಾಸ್ತರ್ರ ಮುಂದೆ ನಾನೇ ಹೇಳ್ತೀನಿ."

ಹೊನ್ನಯ್ಯ ಅಲ್ಲೇ ಕುಕ್ಕರಿಸಿದ. "ಸುಮ್ನಿರೇ. ಮೊನ್ನೆಯಿಂದ್ಲೂ ಲಿವರ್ ಬಿಗಿಯಾಗಿತ್ತು. ಯಾಕೆ ಅಂತ ನಂಗೂ ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಈ ಸಲನಾದ್ರೂ ನೀನು ಒಂದ್ ಹಣ್ಣು ತಿನ್ಲಿ ಅಂತ."

 ಬೇಲಿಯ ಪಕ್ಕದ ಬೋಗಿಯಿಂದ ಒಬ್ಬ ಮುದುಕಿ, ತೊಡೆಯ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡು, ಕಿಟಕಿಯಲ್ಲಿ ಬಗ್ಗಿ ಅವಳ ಉಡಿಯ ಕಡೆ ನೋಡಿದಳು.

"ಅದೇನ್ ಹಣ್ಣವ್ವ? ಮಗೂಗೆ ಒಂದು ಕೊಡ್ತೀಯಾ?"

ತೀರ್ಥಮ್ಮ ಮಗುವನ್ನೂ ಮುಂದೆ ನಿಂತ ಗೂಡ್ಸಿನ ಡಬ್ಬಿಯನ್ನೂ ನೋಡಿ, ಕಾಯಿಗಳನ್ನೆಲ್ಲ ನೆಲಕ್ಕೆ ಸುರಿದು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.